ಮೂರು ತಿಂಗಳು ನಡೆದರೂ ತೂಕ ಇಳಿಯಲಿಲ್ಲವೇ? ನಡಿಗೆ, ಓಟದ ಲೆಕ್ಕ ಮೊದಲಿನಿಂದ

'ಮೂರ್ ತಿಂಗಳಿಂದ ದಿನಾ ಮುಂಜಾನೆ ವಾಕಿಂಗ್ ಹೊಂಟೇನ್ರೀ, ಒಂದ್ ಕೆಜಿನೂ ಇಳಿದಿಲ್ಲ. ಯಾಕ?' ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಹುಬ್ಬಳ್ಳಿಯ ತೋಳನಕೆರೆ ಸುತ್ತುವವರು ಕೇಳುತ್ತಾರೆ, ಧಾರವಾಡದ ಕೆಲಗೇರಿ ದಂಡೆಯವರು ಕೇಳುತ್ತಾರೆ, ಗದಗಿನ ಭೀಷ್ಮ ಕೆರೆ, ಹಾವೇರಿಯ ಹೆಗ್ಗೇರಿ ಕಡೆಯವರದೂ ಇದೇ ಮಾತು. ಉತ್ತರ ಹೆಚ್ಚುಕಡಿಮೆ ಎಲ್ಲರಿಗೂ ಒಂದೇ. ಎಷ್ಟು ನಡೆದಿರಿ, ಯಾವ ವೇಗದಲ್ಲಿ ನಡೆದಿರಿ, ನಡೆದು ಬಂದು ಏನು ತಿಂದಿರಿ ಎಂಬುದನ್ನು ನೀವು ಅಳೆದೇ ಇಲ್ಲ.

ಲೆಕ್ಕ ಹೀಗಿದೆ. ಒಂದು ಕೆಜಿ ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಖರ್ಚಾಗಬೇಕು. (ಕ್ಯಾಲೊರಿ ಎಂದರೆ ತಿಂದ ಆಹಾರದಿಂದ ಸಿಗುವ ಶಕ್ತಿಯ ಅಳತೆ. ಬಿಸ್ಕಿಟ್ ಪೊಟ್ಟಣದ ಮೇಲೆ ಕಿಲೊಕ್ಯಾಲೊರಿ ಎಂದು ಬರೆದಿರುತ್ತಾರಲ್ಲ, ಅದೇ ಇದು.) 80 ಕೆಜಿ ತೂಗುವವರು 4 ಕಿ.ಮೀ. ನಡೆದರೆ ಸುಮಾರು 240 ಕ್ಯಾಲೊರಿ ಖರ್ಚಾಗುತ್ತದೆ. ಅಷ್ಟು ಹೊತ್ತು ಮನೆಯಲ್ಲಿ ಸುಮ್ಮನೆ ಕೂತಿದ್ದರೂ 60ರಷ್ಟು ಖರ್ಚಾಗುತ್ತಿತ್ತು. ಅದನ್ನು ಕಳೆಯಿರಿ, ನಡಿಗೆಯ ಪಾಲು 180. ಅಂದರೆ ಊಟದಲ್ಲಿ ಏನೂ ಬದಲಾಗದಿದ್ದರೆ ಒಂದು ಕೆಜಿ ಇಳಿಯಲು 43 ದಿನ ಬೇಕು. ಇದೂ ಒಂದು ದಿನ ತಪ್ಪದೆ ನಡೆದರೆ. ಈಗ ಕೆರೆಯ ಗೇಟಿನ ಹೊರಗೆ ನಿಂತ ಗಾಡಿಯಲ್ಲಿ ಎರಡು ಮಿರ್ಚಿ ಭಜಿ, ಅರ್ಧ ಕಪ್ ಚಹಾ ಸೇರಿಸಿ. ಭಜಿಗೆ 100ರಿಂದ 150, ಸಕ್ಕರೆ ಹಾಕಿದ ಚಹಾಕ್ಕೆ 50–60. ನಡೆದದ್ದೆಲ್ಲ ಗೇಟಿನಲ್ಲೇ ವಾಪಸ್ ಬಂತು.

ಅದೇ 4 ಕಿ.ಮೀ. ಓಡಿದರೆ ಪ್ರತಿ ಕಿಲೋಮೀಟರಿಗೆ ದೇಹದ ಪ್ರತಿ ಕೆಜಿಗೆ ಸುಮಾರು 1 ಕ್ಯಾಲೊರಿ, ಒಟ್ಟು 320. ಹೊತ್ತೂ ಕಡಿಮೆ ಹಿಡಿಯುತ್ತದೆ. ಆದ್ದರಿಂದಲೇ ನಡಿಗೆಯಿಂದ ಮೆಲ್ಲಗೆ ಓಟಕ್ಕೆ ದಾಟುವ ದಾರಿ ಕೆಳಗಿದೆ. ಓಡಲು ಆಗದವರೂ, ಓಡಬಾರದವರೂ 5ನೇ ಹಂತದಲ್ಲೇ ಉಳಿದು 8ನೇ ಹಂತವನ್ನು ಬಿಗಿಯಾಗಿ ಹಿಡಿದರೆ ಸಾಕು, ತೂಕ ಇಳಿಯುತ್ತದೆ.

1. ಡಾಕ್ಟರನ್ನು ಯಾರು ಕೇಳಬೇಕು

ಬರೀ ನಡೆಯಲು ಹೆಚ್ಚಿನವರಿಗೆ ಯಾರ ಅಪ್ಪಣೆಯೂ ಬೇಡ. ಓಡುವ ಯೋಚನೆ ಇದ್ದರೆ, ವಯಸ್ಸು 40 ದಾಟಿದ್ದು ಜೊತೆಗೆ ಬಿಪಿ, ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟಿನ ಚಟ ಅಥವಾ ಮನೆತನದಲ್ಲಿ ಹೃದಯಾಘಾತ ಇದ್ದರೆ ಮೊದಲು ತೋರಿಸಿಕೊಳ್ಳಿ. ಏರು ಹತ್ತುವಾಗ ಎದೆ ಹಿಂಡಿದಂತಾಗುವುದು, ನೋವು ದವಡೆಗೋ ಎಡಗೈಗೋ ಹರಿಯುವುದು, ಕಣ್ಣು ಕತ್ತಲೆ ಬರುವುದು ಇವುಗಳಲ್ಲಿ ಯಾವುದಿದ್ದರೂ ಓಟ ಒತ್ತಟ್ಟಿಗಿರಲಿ, ನಡಿಗೆಯನ್ನೂ ನಿಲ್ಲಿಸಿ. ನಡುದಾರಿಯಲ್ಲಿ ಹಾಗಾದರೆ ಕೂತುಬಿಡಿ, 108ಕ್ಕೆ ಕರೆ ಮಾಡಿ. 'ಗ್ಯಾಸ್ ಆಗಿರ್ಬೇಕು' ಎಂದು ಮನೆತನಕ ನಡೆದು ಹೋಗುವುದು ಇಲ್ಲಿ ಆಗುವ ದೊಡ್ಡ ತಪ್ಪು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರಹದ ಗುಳಿಗೆ ತೆಗೆದುಕೊಳ್ಳುವವರಿಗೆ ಇನ್ನೊಂದು ಮಾತು. ನಡೆಯುವಾಗ ಸ್ನಾಯುಗಳು ರಕ್ತದ ಸಕ್ಕರೆಯನ್ನು ಹೀರುತ್ತವೆ, ಗುಳಿಗೆಯೂ ಇಳಿಸುತ್ತಿರುತ್ತದೆ. ಎರಡೂ ಸೇರಿದರೆ ಸಕ್ಕರೆ 70ಕ್ಕಿಂತ ಕೆಳಗೆ ಹೋಗಬಹುದು. ಕೈ ನಡುಕ, ತಣ್ಣನೆಯ ಬೆವರು, ವಿಪರೀತ ಹಸಿವು ಅದರ ಗುರುತು. ಹೊರಡುವಾಗ 100ಕ್ಕಿಂತ ಕಡಿಮೆ ಇದ್ದರೆ ಒಂದು ಬಾಳೆಹಣ್ಣು ತಿಂದು ಹೋಗಿ. ಜೇಬಿನಲ್ಲಿ ಮೂರು ಚಮಚ ಸಕ್ಕರೆಯ ಪೊಟ್ಟಣ ಇರಲಿ. ನಡುಕ ಬಂದರೆ ಅದನ್ನು ಬಾಯಿಗೆ ಹಾಕಿಕೊಂಡು 15 ನಿಮಿಷ ಕೂಡಿ. ಮನೆಗೆ ಬಂದ ಮೇಲೆ ಅಂಗಾಲು, ಬೆರಳ ಸಂದುಗಳನ್ನು ಬೆಳಕಿನಲ್ಲಿ ನೋಡಿಕೊಳ್ಳಿ. ಸ್ಪರ್ಶ ಕಡಿಮೆಯಾದ ಪಾದಕ್ಕೆ ಗುಳ್ಳೆ ಎದ್ದದ್ದು ತಿಳಿಯುವುದಿಲ್ಲ.

ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ನುಂಗುವವರ ಎದೆಬಡಿತ ಎಷ್ಟು ಓಡಿದರೂ ಹೆಚ್ಚು ಏರುವುದಿಲ್ಲ. ಗುಳಿಗೆಯ ಕೆಲಸವೇ ಅದು. ಕೈಗಡಿಯಾರ ತೋರಿಸುವ ಅಂಕಿ ನಂಬಿ ಇನ್ನೂ ಜೋರು ಮಾಡಬೇಡಿ.

2. ಹೊರಡುವ ಮುನ್ನ ಮೂರು ಅಳತೆ

ತೂಕ: ವಾರಕ್ಕೊಮ್ಮೆ, ವಾರದ ಅದೇ ದಿನ, ಅದೇ ತಕ್ಕಡಿ. ಮುಂಜಾನೆ ಬಹಿರ್ದೆಸೆ ಮುಗಿಸಿ, ಚಹಾ ಕುಡಿಯುವ ಮೊದಲು. ದಿನಾ ನೋಡಿದರೆ ತಲೆ ಕೆಡುತ್ತದೆ. ಹಿಂದಿನ ರಾತ್ರಿ ಉಪ್ಪಿನಕಾಯಿ, ಹಪ್ಪಳ ಜಾಸ್ತಿಯಾದರೆ ಸಾಕು, ದೇಹ ನೀರು ಹಿಡಿದುಕೊಂಡು ಮುಕ್ಕಾಲು ಕೆಜಿ ಏರಿರುತ್ತದೆ. ತೂಕವನ್ನು (ಕೆಜಿ) ಎತ್ತರದಿಂದ (ಮೀಟರ್) ಎರಡು ಸಲ ಭಾಗಿಸಿದರೆ ಬರುವುದು ಬಿಎಂಐ. 5 ಅಡಿ 5 ಇಂಚು, ಅಂದರೆ 1.65 ಮೀಟರ್ ಇದ್ದು 80 ಕೆಜಿ ತೂಗಿದರೆ 29.4. ಭಾರತೀಯರಿಗೆ 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು ಎಂದು ಹಿಡಿಯುತ್ತಾರೆ.

ಸೊಂಟ: ಕಡೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ, ಉಸಿರು ಬಿಟ್ಟ ಮೇಲೆ, ಹೊಟ್ಟೆ ಒಳಗೆಳೆಯದೆ ಅಳೆಯಿರಿ. ಪ್ಯಾಂಟಿನ ಸೈಜು ಹೇಳಿ ಸಮಾಧಾನ ಮಾಡಿಕೊಳ್ಳಬೇಡಿ, ಪ್ಯಾಂಟು ಹೊಟ್ಟೆಯ ಕೆಳಗೆ ನಿಂತಿರುತ್ತದೆ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಗಡಿ. ಟೇಪು ಇಲ್ಲವೇ? ಒಂದು ಹುರಿ ಸುತ್ತಿ ಗಂಟು ಹಾಕಿ ಇಟ್ಟುಕೊಳ್ಳಿ, ತಿಂಗಳಿಗೊಮ್ಮೆ ಅದೇ ಹುರಿ ಸುತ್ತಿ ನೋಡಿ. ಉಡದಾರ ಕಟ್ಟುವವರಿಗೆ ಹುರಿಯೂ ಬೇಡ. ತಕ್ಕಡಿ ಒಪ್ಪುವ ಮೊದಲೇ ಅದು ಜಾರತೊಡಗುತ್ತದೆ.

ಒಂದು ಕಿಲೋಮೀಟರಿನ ಸಮಯ: ಧಾರವಾಡದ ಆರ್.ಎನ್. ಶೆಟ್ಟಿ ಕ್ರೀಡಾಂಗಣದಂತಹ 400 ಮೀಟರ್ ಟ್ರ್ಯಾಕಿನಲ್ಲಿ ಎರಡೂವರೆ ಸುತ್ತು ನಡೆದು ಗಡಿಯಾರ ನೋಡಿ. 400 ಮೀಟರ್ ಎಂಬುದು ಎಲ್ಲಕ್ಕಿಂತ ಒಳಗಿನ ಗೆರೆಯ ಲೆಕ್ಕ. ಒಂದೊಂದು ಗೆರೆ ಹೊರಗೆ ಹೋದಂತೆ ಸುತ್ತಿಗೆ ಸುಮಾರು ಏಳೂವರೆ ಮೀಟರ್ ಕೂಡುತ್ತದೆ, ಎಂಟನೆಯ ಗೆರೆಯಲ್ಲಿ ಒಂದು ಸುತ್ತು 453 ಮೀಟರ್. ಒಳಗೆರೆ ಜೋರು ಓಡುವವರಿಗೆ ಬಿಡುವುದು ರೂಢಿ, ನೀವು ಹೊರಗೆ ನಡೆಯಿರಿ, ಲೆಕ್ಕ ಹೊಂದಿಸಿಕೊಳ್ಳಿ.

3. ಬೂಟು

ಬೇರೆಲ್ಲದಕ್ಕೂ ಜಿಪುಣತನ ಮಾಡಿ, ಇದಕ್ಕೆ ಬೇಡ. ಹವಾಯಿ ಚಪ್ಪಲಿ ಹಾಕಿ 45 ನಿಮಿಷ ಬಿರುಸಾಗಿ ನಡೆದರೆ ಅದು ಜಾರದಂತೆ ಬೆರಳು ಮಡಚಿ ಹಿಡಿದಿರುತ್ತೀರಿ. ಅಂಗಾಲಿನ ನರ-ಸ್ನಾಯು ಎಳೆದು ಹಿಮ್ಮಡಿ ನೋವು ಶುರುವಾಗುವುದಕ್ಕೆ ಇದೊಂದು ಸಾಮಾನ್ಯ ಕಾರಣ. ಕ್ರಿಕೆಟ್ ಬೂಟು, ಕಾಲೇಜಿನ ಕ್ಯಾನ್ವಾಸ್ ಬೂಟು ಕೂಡ ಓಟಕ್ಕೆ ಅಲ್ಲ.

ಅಂಗಡಿಗೆ ಸಂಜೆ ಹೋಗಿ. ದಿನವಿಡೀ ಓಡಾಡಿ ಪಾದ ಸ್ವಲ್ಪ ಉಬ್ಬಿರುತ್ತದೆ, ಓಡುವಾಗಲೂ ಹಾಗೇ ಉಬ್ಬುತ್ತದೆ. ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಹೋಗಿ. ಎರಡೂ ಬೂಟು ಹಾಕಿ ಎದ್ದು ನಿಲ್ಲಿ, ಅತಿ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಗಲ ಜಾಗ ಇರಬೇಕು. ಬಹಳ ಜನರಿಗೆ ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದವಿರುತ್ತದೆ, ಅದನ್ನು ನೋಡಿ. ಆ ಜಾಗ ಇಲ್ಲದಿದ್ದರೆ ಇಳಿಜಾರಿನಲ್ಲಿ ಉಗುರು ತಾಗಿ ತಾಗಿ ಕಪ್ಪಾಗಿ ಉದುರುತ್ತದೆ. ಹಿಂಭಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಗಟ್ಟಿ ಇರಬೇಕು. ಬೂಟು ಬಾಗಿಸಿದರೆ ಬೆರಳುಗಳ ಬುಡದ ಹತ್ತಿರ ಮಡಚಬೇಕು. ನಟ್ಟನಡುವೆ ಮಡಚಿದರೆ ಅದನ್ನು ವಾಪಸ್ ಇಡಿ. ಹಿಮ್ಮಡಿ ಮೇಲೆ ಕೆಳಗೆ ಜಾರುತ್ತಿದ್ದರೆ ಲೇಸನ್ನು ಕಡೆಯ ತೂತಿನಲ್ಲಿ ಅದೇ ಬದಿಗೆ ಹಿಂದಿರುಗಿಸಿ ಒಂದು ಸಣ್ಣ ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಆ ಕುಣಿಕೆಯಲ್ಲಿ ತೂರಿಸಿ ಎಳೆದು ಕಟ್ಟಿ. ಹಿಮ್ಮಡಿ ಬೀಗ ಹಾಕಿದಂತೆ ಕೂಡುತ್ತದೆ.

ಓಟದ ಬೂಟಿನ ಆಯುಷ್ಯ 500ರಿಂದ 800 ಕಿ.ಮೀ. ಮೇಲ್ನೋಟಕ್ಕೆ ಹೊಸದರಂತಿದ್ದರೂ ತಳದ ಮೆತ್ತೆ ಸತ್ತಿರುತ್ತದೆ. ಬೂಟು ತಂದ ದಿನ ಒಳಗಿನ ನಾಲಗೆಯ ಮೇಲೆ ತಾರೀಖು ಬರೆದಿಡಿ. ಶುದ್ಧ ಹತ್ತಿಯ ಕಾಲುಚೀಲ ಬೆವರು ಹಿಡಿದುಕೊಂಡು ಗುಳ್ಳೆ ಎಬ್ಬಿಸುತ್ತದೆ, ಪಾಲಿಯೆಸ್ಟರ್ ಬೆರೆತದ್ದು ವಾಸಿ.

ಸೀರೆ ಉಟ್ಟೇ ನಡೆಯುವವರು ಬಹಳ ಮಂದಿ ಇದ್ದಾರೆ, ಅದರಲ್ಲಿ ತೊಂದರೆಯೇನೂ ಇಲ್ಲ. ನಿರಿಗೆ ಪಾದದ ಗಂಟಿನ ಮೇಲೆ ನಿಲ್ಲುವಂತೆ ಉಟ್ಟು ಬೂಟು ಹಾಕಿ, 'ಸೀರಿ ಮ್ಯಾಲ ಬೂಟು' ಎಂದು ನಗುವವರು ನಗಲಿ. ಓಡಲು ಮಾತ್ರ ಚೂಡಿದಾರ ಅಥವಾ ಟ್ರ್ಯಾಕ್ ಪ್ಯಾಂಟೇ ಸರಿ. ಬಿಗಿಯಾದ ಸ್ಪೋರ್ಟ್ಸ್ ಬ್ರಾ ಬೇಕೇ ಬೇಕು.

4. ಜಾಗ ಮತ್ತು ಹೊತ್ತು

ಮೊದಲ ಎರಡು ತಿಂಗಳು ಸಮತಟ್ಟಾದ, ಮೆತ್ತನೆಯ ಹಾದಿ ಹುಡುಕಿ: ಟ್ರ್ಯಾಕ್, ಮೈದಾನದ ಮಣ್ಣು, ಉಣಕಲ್ ಕೆರೆ ಅಥವಾ ತೋಳನಕೆರೆಯ ಕಾಲುದಾರಿ. ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ನೆರಳೂ ಇದೆ, ಏರಿಳಿತವೂ ಇದೆ, ಅದು ಎರಡನೇ ತಿಂಗಳ ನಂತರ. ಹುಬ್ಬಳ್ಳಿಯ ನೃಪತುಂಗ ಬೆಟ್ಟಕ್ಕೆ ಮೊದಲ ದಿನವೇ ಹೋಗಬೇಡಿ. ಹತ್ತುವಾಗ ಬರೀ ಏದುಸಿರು, ಮೊಣಕಾಲಿಗೆ ಪೆಟ್ಟು ಬೀಳುವುದು ಇಳಿಯುವಾಗ. ತೊಡೆಗೆ ಬಲ ಬರುವತನಕ ಹತ್ತಿ ಹೋದವರು ನಿಧಾನವಾಗಿ, ಸಣ್ಣ ಹೆಜ್ಜೆಯಲ್ಲಿ ಇಳಿಯಬೇಕು, ಓಡಿ ಇಳಿಯಬಾರದು.

ಕೆಲವರು ಬೆಳಗಿನ ಜಾವ ಹುಬ್ಬಳ್ಳಿ-ಧಾರವಾಡ ರಸ್ತೆಯ ಚಿಗರಿ ಬಸ್ಸಿನ ಪ್ರತ್ಯೇಕ ದಾರಿಯಲ್ಲಿ ಓಡುತ್ತಾರೆ. ನುಣ್ಣಗೆ ಖಾಲಿ ಕಾಣುತ್ತದೆ ನಿಜ. ಬಸ್ಸು ಬರುವುದೂ ಅಷ್ಟೇ ನುಣ್ಣಗೆ, ಅಷ್ಟೇ ವೇಗವಾಗಿ. ಕಿವಿಯಲ್ಲಿ ಹಾಡು ಇದ್ದರಂತೂ ಮುಗಿಯಿತು. ಅಲ್ಲಿ ಕಾಲಿಡಬೇಡಿ. ಕಾಲುದಾರಿ ಇಲ್ಲದ ರಸ್ತೆಯಲ್ಲಿ ಬಲಬದಿಗೆ, ಎದುರು ಬರುವ ವಾಹನ ಕಾಣುವಂತೆ ನಡೆಯಿರಿ, ಬಿಳಿ ಅಥವಾ ಹಳದಿ ಅಂಗಿ ಹಾಕಿ. ಜನವರಿಯಲ್ಲಿ ನಮ್ಮ ಕಡೆ ಸೂರ್ಯ ಹುಟ್ಟುವುದೇ ಏಳರ ಹತ್ತಿರಕ್ಕೆ.

ಬೀದಿನಾಯಿ ಅಟ್ಟಿಸಿಕೊಂಡು ಬಂದರೆ ಓಡಬೇಡಿ. ನಿಂತುಬಿಡಿ, ಕಣ್ಣಲ್ಲಿ ಕಣ್ಣಿಡದೆ ಪಕ್ಕಕ್ಕೆ ತಿರುಗಿ ಮೆಲ್ಲಗೆ ಸರಿಯಿರಿ. ಕಚ್ಚಿದರೆ, ಉಗುರು ಗೀರಿದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ರೇಬೀಸ್ ಚುಚ್ಚುಮದ್ದಿಗೆ ಹೋಗಿ. ಅರಿಶಿನ, ಸುಣ್ಣ ಮೆತ್ತುವುದು ಬೇಡ.

ಮುಂಜಾನೆಯೋ ಸಂಜೆಯೋ? ತೂಕದ ಮಟ್ಟಿಗೆ ಎರಡೂ ಒಂದೇ. ತಪ್ಪದೆ ಆಗುವ ಹೊತ್ತೇ ಒಳ್ಳೆಯ ಹೊತ್ತು. ಏಪ್ರಿಲ್-ಮೇ ತಿಂಗಳಲ್ಲಿ ಮಾತ್ರ ಏಳರೊಳಗೆ ಮುಗಿಸಿ.

5. ಮೊದಲ ನಾಲ್ಕು ವಾರ: ಬರೀ ನಡಿಗೆ

ವಾರಕ್ಕೆ ಐದು ದಿನ. ಮೊದಲ ವಾರ 20 ನಿಮಿಷ, ಎರಡನೆಯದು 30, ಮೂರನೆಯದು 40, ನಾಲ್ಕನೆಯದು 45. ಮೊದಲ ಐದು ನಿಮಿಷ ಮೈ ಬಿಸಿಯಾಗಲು ನಿಧಾನ, ಕಡೆಯ ಐದು ನಿಮಿಷವೂ ನಿಧಾನ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ಬಿರುಸಿನ ಚಟುವಟಿಕೆ. ನಿಧಾನದ ಹತ್ತು ನಿಮಿಷ ಕಳೆದರೂ ಮೂರನೇ ವಾರಕ್ಕೆ ಅಷ್ಟಾಗುತ್ತದೆ.

ಎಲ್ಲ ಕೆಡುವುದು ವೇಗದಲ್ಲಿ. ಒಂದು ಕಿಲೋಮೀಟರಿಗೆ 15 ನಿಮಿಷ ಹಿಡಿದರೆ ಅದು ಸಂತೆಯಲ್ಲಿ ಕಾಯಿಪಲ್ಯೆ ನೋಡುತ್ತ ಹೋಗುವ ವೇಗ. 12 ನಿಮಿಷಕ್ಕೆ ಬಂದರೆ ನಡಿಗೆ ಶುರುವಾಯಿತು ಎನ್ನಿ. 10–11 ನಿಮಿಷ ಬಿರುಸು ನಡಿಗೆ. ಆ್ಯಪು, ಗಡಿಯಾರ ಇಲ್ಲದೆಯೂ ಅಳೆಯಬಹುದು: 15 ಸೆಕೆಂಡಿನಲ್ಲಿ ಹೆಜ್ಜೆ ಎಣಿಸಿ. 25 ಬಂದರೆ ನಿಮಿಷಕ್ಕೆ 100, ಇದು ಮಧ್ಯಮ ಬಿರುಸಿನ ಕೆಳಗಡಿ. 30 ಬಂದರೆ ನಿಮಿಷಕ್ಕೆ 120, ನಿಮಗೆ ಬೇಕಾದದ್ದು ಇದು. ಇನ್ನೊಂದು ಗುರುತು ಮಾತು. ಮಾತಾಡಲು ಬರಬೇಕು, ಹಾಡಲು ಬರಬಾರದು. ಹಾಡು ಸಲೀಸಾಗಿ ಬರುತ್ತಿದ್ದರೆ ವೇಗ ಸಾಲದು.

ವೇಗ ಹೆಚ್ಚಿಸಲು ಹೆಜ್ಜೆ ಉದ್ದ ಮಾಡಬೇಡಿ, ಹಾಗೆ ಮಾಡಿದರೆ ಹಿಮ್ಮಡಿ ಮುಂದೆ ಬಡಿದು ಮುಂಗಾಲಿನ ಎಲುಬು ನೋಯುತ್ತದೆ. ಹೆಜ್ಜೆ ಸಣ್ಣದಿರಲಿ, ಬೇಗಬೇಗ ಬೀಳಲಿ. ಮೊಣಕೈ ಮಡಚಿ, ಕೈ ಬೀಸಿ. ಕಾಲು ಕೈಯ ಲಯವನ್ನು ಹಿಂಬಾಲಿಸುತ್ತದೆ. ಫೋನನ್ನು ಕೈಯಲ್ಲಿ ಹಿಡಿದವರ ಆ ಕೈ ಬೀಸುವುದೇ ಇಲ್ಲ, ದೂರದಿಂದಲೇ ಗೊತ್ತಾಗುತ್ತದೆ.

ಬಳಗ ಕಟ್ಟಿಕೊಂಡು ನಡೆಯುವುದರಲ್ಲಿ ಒಂದು ಲಾಭ, ಒಂದು ನಷ್ಟ. ಲಾಭವೆಂದರೆ ಮಳೆ, ಚಳಿಗೂ ಯಾರಾದರೂ ಎಬ್ಬಿಸುತ್ತಾರೆ. ನಷ್ಟವೆಂದರೆ ನಾಲ್ವರು ಸಾಲಾಗಿ ಹೊರಟರೆ ಎಲ್ಲರಿಗಿಂತ ನಿಧಾನದವರ ವೇಗವೇ ಎಲ್ಲರ ವೇಗ, ರಾಜಕೀಯದ ಮಾತು ಬಂತೆಂದರೆ ನಾಲ್ವರೂ ನಿಂತೇಬಿಡುತ್ತಾರೆ. ಕೂಡಿ ಹೋಗಿ, ನಡುವಿನ 30 ನಿಮಿಷ ನಿಮ್ಮ ವೇಗದಲ್ಲಿ ನಡೆಯಿರಿ, ಕಡೆಗೆ ಗೇಟಿನ ಹತ್ತಿರ ಕೂಡಿಕೊಳ್ಳಿ.

'ಹತ್ತು ಸಾವಿರ ಹೆಜ್ಜಿ ಆಗ್ಲೇಬೇಕೇನ್ರೀ?' ಆ ಅಂಕಿ ವೈದ್ಯರಿಂದ ಬಂದದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ 'ಮಾನ್ಪೊಕೆ' ಎಂಬ ಹೆಜ್ಜೆ ಎಣಿಸುವ ಯಂತ್ರದ ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆಯ ಮೀಟರು. ಒಳ್ಳೆಯ ಗುರಿ, ಆದರೆ ಗೆರೆಯಲ್ಲ. ದಿನಕ್ಕೆ ಏಳೆಂಟು ಸಾವಿರಕ್ಕೇ ಆರೋಗ್ಯದ ಲಾಭ ಬಹುಮಟ್ಟಿಗೆ ಸಿಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಇದಕ್ಕಿಂತ ಉಪಯುಕ್ತವಾದದ್ದು ರಾತ್ರಿ ಊಟವಾದ ಮೇಲೆ 10–15 ನಿಮಿಷದ ಸಾಧಾರಣ ನಡಿಗೆ. ಊಟದ ನಂತರ ಏರುವ ಸಕ್ಕರೆ ಅಷ್ಟಕ್ಕೇ ತಗ್ಗುತ್ತದೆ.

6. 5ರಿಂದ 13ನೇ ವಾರ: ಓಟ ಬೆರೆಸುವುದು

ಓಟಕ್ಕೆ ದಾಟಲು ಒಂದು ಪರೀಕ್ಷೆ ಇದೆ. 45 ನಿಮಿಷ ಬಿರುಸಾಗಿ ನಡೆದು, ಮರುದಿನ ಮುಂಜಾನೆ ಹಾಸಿಗೆಯಿಂದ ಎದ್ದಾಗ ಹಿಮ್ಮಡಿ, ಮೊಣಕಾಲು ನೋಯಬಾರದು. ನೋಯುತ್ತಿದ್ದರೆ ಇನ್ನೂ ಎರಡು ವಾರ ನಡೆಯಿರಿ. ಬಿಎಂಐ 30 ದಾಟಿದವರು ಐದಾರು ಕೆಜಿ ಇಳಿಯುವತನಕ ನಡಿಗೆಯಲ್ಲೇ ಇರುವುದು ಜಾಣತನ. ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡೂವರೆ ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ.

ವಾರಕ್ಕೆ ಮೂರು ದಿನ ಓಟ, ನಡುವೆ ಒಂದೊಂದು ದಿನ ಬಿಟ್ಟು. ಉಳಿದ ಎರಡು ದಿನ ನಡಿಗೆ. ಪ್ರತಿ ಸಲವೂ ಐದು ನಿಮಿಷ ನಡೆದು ಶುರು, ಐದು ನಿಮಿಷ ನಡೆದು ಮುಕ್ತಾಯ. ನಡುವೆ ಹೀಗೆ:

5ನೇ ವಾರ: 1 ನಿಮಿಷ ಓಟ, 2 ನಿಮಿಷ ನಡಿಗೆ, 8 ಸಲ.
6ನೇ ವಾರ: 2 ಓಟ, 2 ನಡಿಗೆ, 6 ಸಲ.
7ನೇ ವಾರ: 3 ಓಟ, 2 ನಡಿಗೆ, 5 ಸಲ.
8ನೇ ವಾರ: 4 ಓಟ, 2 ನಡಿಗೆ, 4 ಸಲ.
9ನೇ ವಾರ: 5 ಓಟ, 2 ನಡಿಗೆ, 4 ಸಲ.
10ನೇ ವಾರ: 8 ಓಟ, 2 ನಡಿಗೆ, 3 ಸಲ.
11ನೇ ವಾರ: 12 ಓಟ, 2 ನಡಿಗೆ, 2 ಸಲ.
12ನೇ ವಾರ: 15 ಓಟ, 2 ನಡಿಗೆ, 10 ಓಟ.
13ನೇ ವಾರ: ನಿಲ್ಲದೆ 25ರಿಂದ 30 ನಿಮಿಷ.

ಯಾವುದಾದರೂ ವಾರ ಕಷ್ಟವೆನಿಸಿದರೆ ಅದನ್ನೇ ಇನ್ನೊಮ್ಮೆ ಮಾಡಿ. 13 ವಾರ 18 ಆದರೂ ಯಾರೂ ಕೇಳುವುದಿಲ್ಲ.

ಇಲ್ಲಿ ಎಡವುವವರೆಲ್ಲ ಎಡವುವುದು ಒಂದೇ ಕಲ್ಲಿಗೆ, ಅದು ಜೋರು. ಓಟ ಎಂದಾಕ್ಷಣ ಶಾಲೆಯ ಕ್ರೀಡಾಕೂಟ ನೆನಪಾಗಿ 100 ಮೀಟರಿನ ವೇಗದಲ್ಲಿ ಹೊರಡುತ್ತಾರೆ, 40 ಸೆಕೆಂಡಿಗೆ ಸೊಂಟ ಹಿಡಿದು ನಿಲ್ಲುತ್ತಾರೆ, 'ನನಗ ಓಟ ಆಗಂಗಿಲ್ಲ' ಎಂದು ತೀರ್ಮಾನಿಸುತ್ತಾರೆ. ನಿಮ್ಮ ಓಟ ಕಿಲೋಮೀಟರಿಗೆ ಎಂಟೊಂಬತ್ತು ನಿಮಿಷದ್ದಿರಲಿ. ಪಕ್ಕದಲ್ಲಿ ಬಿರುಸಾಗಿ ನಡೆಯುವವರು ನಿಮ್ಮನ್ನು ಹೆಚ್ಚುಕಡಿಮೆ ಸರಿಗಟ್ಟುವಷ್ಟು ನಿಧಾನ. ನಾಚಿಕೆ ಬೇಡ. ಪಾದ ಸೊಂಟದ ನೇರ ಕೆಳಗೆ ಬೀಳಲಿ, ಸದ್ದು ಕಡಿಮೆ ಬರಲಿ. ಧಪ್ ಧಪ್ ಎಂದು ಕೇಳುತ್ತಿದ್ದರೆ ಹೆಜ್ಜೆ ಇನ್ನೂ ಚಿಕ್ಕದು ಮಾಡಿ. ಭುಜ ಕಿವಿಯ ಹತ್ತಿರ ಏರಿದ್ದರೆ ಕೈ ಒಮ್ಮೆ ಕೊಡವಿ ಇಳಿಸಿ.

ಎರಡನೆಯ ಮೋಸ ಸಲೀಸು. ಮೂರು-ನಾಲ್ಕು ವಾರಕ್ಕೆ ಉಸಿರು ಹಿಡಿತಕ್ಕೆ ಬರುತ್ತದೆ, 'ಈಗೇನು, ಇನ್ನೆರಡು ಸುತ್ತು' ಎನಿಸುತ್ತದೆ. ಎದೆ ಬೇಗ ಕಲಿಯುತ್ತದೆ. ಸ್ನಾಯುವನ್ನು ಎಲುಬಿಗೆ ಕಟ್ಟುವ ತಂತುಗಳು, ಎಲುಬು ಗಟ್ಟಿಯಾಗಲು ತಿಂಗಳುಗಳೇ ಬೇಕು. ಗಾಯಗಳೆಲ್ಲ ಆಗುವುದು ಈ ಅಂತರದಲ್ಲಿ. ದೂರ ಮತ್ತು ವೇಗ ಎರಡನ್ನೂ ಒಂದೇ ವಾರ ಏರಿಸಬೇಡಿ.

ವಾರಕ್ಕೆ ಎರಡು ದಿನ, ಮನೆಯಲ್ಲೇ 15 ನಿಮಿಷ ಬಲದ ವ್ಯಾಯಾಮ ಸೇರಿಸಿ. ಕುರ್ಚಿಯಿಂದ ಕೈ ಊರದೆ ಏಳು-ಕೂಡು 10 ಸಲ, ಮೂರು ಸರತಿ. ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು 15 ಸಲ, ಎರಡು ಸರತಿ. ಗೋಡೆಗೆ ಕೈಕೊಟ್ಟು ದಂಡ 10 ಸಲ. ಇದನ್ನು ಬಿಟ್ಟರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಮುಖ ಬತ್ತಿ 'ಆರಾಮಿಲ್ಲೇನು?' ಎಂದು ಜನ ಕೇಳಲು ಶುರುಮಾಡುವುದು ಆಗಲೇ.

7. ನೋವು: ಯಾವುದಕ್ಕೆ ನಿಲ್ಲಬೇಕು

ತೊಡೆ, ಮೀನಖಂಡ ಎರಡೂ ಕಾಲಿನಲ್ಲಿ ಸಮನಾಗಿ ಬಿಗಿದು ಎರಡು ದಿನಕ್ಕೆ ಬಿಡುವುದು ಹೊಸ ಕೆಲಸದ ನೋವು, ಹೆದರಬೇಡಿ. ಒಂದೇ ಕಾಲಿನ, ಒಂದೇ ಜಾಗದ, ಓಡುತ್ತ ಹೋದಂತೆ ಹೆಚ್ಚುವ ನೋವು ಬೇರೆ.

ಮೊಣಕಾಲ ಕೆಳಗೆ, ಮುಂದಿನ ಎಲುಬಿನ ಒಳಬದಿಗೆ ನೋವಿದ್ದರೆ ಬೆರಳಿನಿಂದ ಒತ್ತುತ್ತ ಹೋಗಿ. ಗೇಣುದ್ದಕ್ಕೂ ನೋಯುತ್ತಿದ್ದರೆ ಒಂದೆರಡು ವಾರ ಓಟ ಬಿಟ್ಟು ನಡೆಯಿರಿ, ಬೂಟು ನೋಡಿ, ಸಿಮೆಂಟಿನ ಹಾದಿ ಬಿಡಿ. ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಮಾತ್ರ ಚುರ್ ಎಂದರೆ ಎಲುಬಿನಲ್ಲಿ ಸಣ್ಣ ಬಿರುಕು ಇರಬಹುದು. ಎಲುಬಿನ ಡಾಕ್ಟರನ್ನು ನೋಡಿ, ಎಣ್ಣೆ ತಿಕ್ಕಿಸುವ ಕೆಲಸಕ್ಕೆ ಹೋಗಬೇಡಿ.

ಮುಂಜಾನೆ ಹಾಸಿಗೆಯಿಂದಿಳಿದ ಮೊದಲ ಹೆಜ್ಜೆಗೆ ಹಿಮ್ಮಡಿಯಲ್ಲಿ ಮೊಳೆ ಚುಚ್ಚಿದಂತಾಗಿ, ನಾಲ್ಕು ಹೆಜ್ಜೆ ಹೋದಂತೆ ಕಡಿಮೆಯಾದರೆ ಅದು ಅಂಗಾಲಿನ ಪಟ್ಟಿಯ ಊತ. ನೀರಿನ ಬಾಟಲಿ ಫ್ರೀಜರಿನಲ್ಲಿ ಗಡ್ಡೆ ಕಟ್ಟಿಸಿ ಅಂಗಾಲ ಕೆಳಗೆ ಹತ್ತು ನಿಮಿಷ ಹೊರಳಿಸಿ, ದಿನಕ್ಕೆರಡು ಸಲ. ಗೋಡೆಗೆ ಕೈಯಿಟ್ಟು ಮೀನಖಂಡ 30 ಸೆಕೆಂಡು ಎಳೆಯಿರಿ, ಮೂರು ಸಲ. ಮನೆಯೊಳಗಿನ ಫರಸಿ ಮೇಲೆ ಬರಿಗಾಲಲ್ಲಿ ಓಡಾಡುವುದು ನಿಲ್ಲಲಿ, ಒಳಗೂ ಮೆತ್ತನೆಯ ಚಪ್ಪಲಿ ಇರಲಿ. ಮನೆಯಲ್ಲಿ ಹಿರಿಯರು ಒಂದು ಮಾತು ಅಂದರೂ ಅನ್ನಿಸಿಕೊಳ್ಳಿ, ಹಿಮ್ಮಡಿ ನಿಮ್ಮದು.

ಮೊಣಕಾಲ ಚಿಪ್ಪಿನ ಸುತ್ತ ಮೆಟ್ಟಿಲಿಳಿಯುವಾಗ ನೋವಾದರೆ ತೊಡೆಗೆ ಬಲ ಸಾಲದು ಎಂದರ್ಥ. ಮೇಲೆ ಹೇಳಿದ ಕುರ್ಚಿಯ ವ್ಯಾಯಾಮವೇ ಮದ್ದು. ಮೊಣಕಾಲು ಊದಿದರೆ, ಕೂತು ಎದ್ದಾಗ ಹಿಡಿದುಕೊಂಡರೆ ತೋರಿಸಿ.

ನೋವಿನ ಗುಳಿಗೆ ನುಂಗಿ ಓಡಬೇಡಿ. ನೋವು ನಿಮ್ಮ ಕಾವಲುಗಾರ, ಅವನನ್ನು ಮಲಗಿಸಿ ಹೊರಟಂತಾಗುತ್ತದೆ.

8. ತಾಟಿನ ಲೆಕ್ಕ

ತೂಕ ಇಳಿಸುತ್ತೇನೆ ಎಂದವರು ನಮ್ಮ ಕಡೆ ಮೊದಲು ಮಾಡುವುದು ರೊಟ್ಟಿ ಬಿಡುವುದು. ತಪ್ಪು ಕಡೆಯಿಂದ ಕತ್ತರಿ ಹಾಕಿದಂತೆ. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಗೆ ಸುಮಾರು 170 ಕ್ಯಾಲೊರಿ, ಅಗಿದು ತಿನ್ನಬೇಕು, ಹೊಟ್ಟೆ ತುಂಬುತ್ತದೆ. ಅದರ ಪಕ್ಕದಲ್ಲಿ ಕೂತದ್ದನ್ನು ನೋಡಿ: ಎಣ್ಣೆಗಾಯಿಯ ಮೇಲೆ ತೇಲುವ ಎಣ್ಣೆ, ಒಂದು ದೊಡ್ಡ ಚಮಚಕ್ಕೆ 120. ಶೇಂಗಾ ಚಟ್ನಿ ಚಮಚಕ್ಕೆ 75–80, ಅದಕ್ಕೆ ಮೊಸರು, ಮತ್ತೆ ಎಣ್ಣೆ ಬೆರೆಸಿಕೊಂಡು ಮೂರು ಚಮಚ. ರೊಟ್ಟಿ ನಿರಪರಾಧಿ.

ಮಾಡಬೇಕಾದದ್ದು ಇಷ್ಟು. ತಾಟಿಗೆ ಮೊದಲು ಹಸಿ ಹಾಕಿಕೊಳ್ಳಿ: ಹಕ್ಕರಿಕಿ, ಮೆಂತ್ಯೆ ಸೊಪ್ಪು, ಗಜ್ಜರಿ, ಸೌತೆಕಾಯಿ, ಉಳ್ಳಾಗಡ್ಡಿ. ಆಮೇಲೆ ಮಡಿಕೆಕಾಳು, ಹೆಸರುಕಾಳು, ಅಲಸಂದಿ, ಯಾವುದಾದರೂ ಕಾಳುಪಲ್ಯೆ ಒಂದು ಬಟ್ಟಲು, ಇಲ್ಲವೇ ಎರಡು ತತ್ತಿ. ಆಮೇಲೆ ಎರಡು ರೊಟ್ಟಿ. ಅನ್ನ ಕಡೆಗೆ, ಒಂದೇ ಸಲ. ಶೇಂಗಾ ಚಟ್ನಿ ಒಂದು ಚಮಚ. ಸಾವಜಿ ಊಟಕ್ಕೆ ಹೋದ ದಿನ ಮೇಲಿನ ಕೆಂಪೆಣ್ಣೆ ಒತ್ತರಿಸಿ ಕೆಳಗಿನ ರಸ ತೆಗೆದುಕೊಳ್ಳಿ. ಮನೆಯಲ್ಲಿ ಎಣ್ಣೆಯ ಲೆಕ್ಕ ಹಿಡಿಯಲು ಸುಲಭ ದಾರಿ ಅಡುಗೆಮನೆಯ ಡಬ್ಬಿ: ನಾಲ್ಕು ಜನರ ಮನೆಗೆ ತಿಂಗಳಿಗೆ ಎರಡು ಲೀಟರ್. ಹದಿನೈದನೇ ತಾರೀಖಿಗೆ ಖಾಲಿಯಾದರೆ ತೂಕ ಎಲ್ಲಿಂದ ಬರುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಚಹಾ ದಿನಕ್ಕೆ ಐದು ಸಲವಾದರೆ, ಸಲಕ್ಕೆ ಒಂದೂವರೆ ಚಮಚ ಸಕ್ಕರೆಯಂತೆ ಸಕ್ಕರೆಯದೇ 150 ಕ್ಯಾಲೊರಿ. ಅರ್ಧ ಮಾಡಿ. ಪೇಡೆಯನ್ನು ಪೂರ್ತಿ ಬಿಡಿ ಎಂದು ಧಾರವಾಡದವರಿಗೆ ಹೇಳುವ ಧೈರ್ಯ ಯಾರಿಗಿದೆ, ವಾರಕ್ಕೆ ಒಂದು. ಬೆಳಗಿನ ನಿಂಬೆ-ಜೇನಿನ ನೀರು ಕೊಬ್ಬು ಕರಗಿಸುವುದಿಲ್ಲ, ಜೇನಿನ ಒಂದು ದೊಡ್ಡ ಚಮಚ 60 ಕ್ಯಾಲೊರಿ ಕೂಡಿಸುತ್ತದೆ ಅಷ್ಟೇ. ರೇನ್‌ಕೋಟು ಹಾಕಿ ಓಡಿದರೆ ಇಳಿಯುವುದು ಬೆವರು, ಒಂದು ತಂಬಿಗೆ ನೀರು ಕುಡಿದರೆ ವಾಪಸ್. ಬರೀ ಹೊಟ್ಟೆ ಕರಗಿಸುವ ಬೆಲ್ಟು, ಯಂತ್ರ ಯಾವುದೂ ಇಲ್ಲ. ಕೊಬ್ಬು ಎಲ್ಲಿಂದ ಕರಗಬೇಕೆಂದು ದೇಹ ನಿಮ್ಮನ್ನು ಕೇಳುವುದಿಲ್ಲ.

ನಡಿಗೆಯ 180, ತಾಟಿನಿಂದ 250–300. ದಿನಕ್ಕೆ 450ರ ಆಸುಪಾಸು. ಆಗ 43 ದಿನದ ಜಾಗದಲ್ಲಿ 17 ದಿನಕ್ಕೆ ಒಂದು ಕೆಜಿ, ತಿಂಗಳಿಗೆ ಒಂದೂವರೆಯಿಂದ ಎರಡು ಕೆಜಿ.

9. ತೂಕ ನಿಂತಾಗ, ಮಳೆ ಹಿಡಿದಾಗ

ಐದಾರು ಕೆಜಿ ಇಳಿದ ಮೇಲೆ ಎರಡು-ಮೂರು ವಾರ ಮುಳ್ಳು ಅಲುಗದೆ ನಿಲ್ಲುವುದು ಸಾಮಾನ್ಯ. ಹಗುರಾದ ದೇಹಕ್ಕೆ ಅದೇ ದೂರಕ್ಕೆ ಕಡಿಮೆ ಶಕ್ತಿ ಸಾಕು. 80 ಕೆಜಿಗೆ ಹಾಕಿದ ಲೆಕ್ಕವನ್ನು 74ಕ್ಕೆ ಹೊಸದಾಗಿ ಹಾಕಿ. ಸೊಂಟದ ಹುರಿ ಸಡಿಲಾಗುತ್ತಿದ್ದರೆ ಏನೂ ಬದಲಿಸಬೇಡಿ. ಅದೂ ನಿಂತಿದ್ದರೆ ಒಂದು ದಿನದ ಓಟವನ್ನು ಹತ್ತು ನಿಮಿಷ ಹೆಚ್ಚಿಸಿ, ಮತ್ತು ಒಂದು ವಾರ ತಿಂದದ್ದೆಲ್ಲ ಕಾಗದದ ಮೇಲೆ ಬರೆಯಿರಿ. ಚುರುಮುರಿ, ಗಿರಮಿಟ್, ಪಕ್ಕದ ಮನೆಯವರು ಕೊಟ್ಟ ಉಂಡಿ ಎಲ್ಲವನ್ನೂ.

ಧಾರವಾಡದಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಜಿಟಿಜಿಟಿ ಮಳೆ ಬಿಡುವುದಿಲ್ಲ. ಜಿಟಿಜಿಟಿಯಲ್ಲಿ ನಡೆಯಬಹುದು, ಗುಡುಗು ಇದ್ದರೆ ಬೇಡ. ಹುಬ್ಬಳ್ಳಿ, ಗದಗ ಕಡೆಯ ಎರಿ ಮಣ್ಣಿನ ಹಾದಿಗೆ ಮಳೆ ಬಿದ್ದ ಮೇಲೆ ಇಳಿಯಲೇಬೇಡಿ. ಹತ್ತು ಹೆಜ್ಜೆಗೆ ಒಂದೊಂದು ಬೂಟಿಗೂ ಅರ್ಧ ಕೆಜಿ ಮಣ್ಣು ಮೆತ್ತುತ್ತದೆ, ಪಾದ ಹೊರಳುತ್ತದೆ. ಮೆತ್ತಿದ ಮಣ್ಣನ್ನು ಹಸಿ ಇದ್ದಾಗ ತೊಳೆಯಲು ಹೋದರೆ ಜಾಲರಿಯೊಳಗೆ ಇಳಿಯುತ್ತದೆ. ಒಣಗಲು ಬಿಟ್ಟು, ಎರಡೂ ಬೂಟು ಪರಸ್ಪರ ಬಡಿದು ಉದುರಿಸಿ, ಉಳಿದದ್ದನ್ನು ಹಳೇ ಹಲ್ಲಿನ ಬ್ರಶ್ಶಿನಿಂದ ತಿಕ್ಕಿ. ಒದ್ದೆ ಬೂಟಿನ ಒಳಪದರ ತೆಗೆದು, ಪೇಪರ್ ಮುದ್ದೆ ಮಾಡಿ ತುಂಬಿ, ಫ್ಯಾನಿನ ಕೆಳಗಿಡಿ. ಒಲೆಯ ಹತ್ತಿರ ಇಟ್ಟರೆ ತಳದ ಅಂಟು ಬಿಡುತ್ತದೆ. ಅಂದಿನ ವ್ಯಾಯಾಮಕ್ಕೆ ಮನೆಯ ಮೆಟ್ಟಿಲು ಸಾಕು: 15 ನಿಮಿಷ ಹತ್ತಿಳಿಯಿರಿ, ಇಳಿಯುವಾಗ ಕಟಾಂಜನ ಹಿಡಿದು.

ಮದುವೆ, ಜಾತ್ರೆ, ಜ್ವರ ಎಂದು ಒಂದು ವಾರ ತಪ್ಪಿದರೆ ಬಿಟ್ಟ ವಾರವನ್ನೇ ಮತ್ತೆ ಮಾಡಿ. ಎರಡು ವಾರ ತಪ್ಪಿದರೆ ಎರಡು ವಾರ ಹಿಂದಕ್ಕೆ ಹೋಗಿ. ಒಂದು ತಿಂಗಳು ದಾಟಿದರೆ 5ನೇ ವಾರದಿಂದ, ಒಂದು ನಿಮಿಷದ ಓಟದಿಂದ ಶುರುಮಾಡಿ. ಜ್ವರ ಇಳಿದ ಮರುದಿನವೇ ಓಡಬೇಡಿ, ಮೈ ಬಿಸಿ ಪೂರ್ತಿ ಬಿಟ್ಟು ಎರಡು ದಿನ ಕಳೆದ ಮೇಲೆ ಮೊದಲು 20 ನಿಮಿಷ ನಡೆದು ನೋಡಿ.